ತುಟಿಗೆ ‘ಪರ್ಮನೆಂಟ್’ ಆಪರೇಷನ್: ಮೇಣದಿಂದ ಶುರುವಾದ ಒಂದು ಆಸೆಯ ಕಥೆ



ಹೋದ ತಿಂಗಳು ತುಮಕೂರಿನಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶ ಇತ್ತು. ಊಟ ಮುಗಿಸಿ ತಾರಸಿ ಮೇಲೆ ಕೂತಿದ್ದಾಗ ನನ್ನ ಚಿಕ್ಕಮ್ಮನ ಮಗಳು ಪಕ್ಕಕ್ಕೆ ಬಂದು ಕೂತಳು. ಅವಳಿಗೆ 23 ವರ್ಷ. ಫೋನ್ ತೆಗೆದು ಒಂದು ಫೋಟೊ ತೋರಿಸಿದಳು. ಅವಳದೇ ಮುಖ, ಆದರೆ ಫಿಲ್ಟರ್ ಹಾಕಿದ್ದು. ತುಟಿ ಮಾತ್ರ ಸ್ವಲ್ಪ ಉಬ್ಬಿಕೊಂಡಿದೆ.

“ಅಕ್ಕ, ಹೀಗೆ ಮಾಡಿಸ್ಕೊಳ್ಳೋಣ ಅಂತಿದೀನಿ. ಫಿಲ್ಲರ್ ಬೇಡ, ಅದು ಕರಗಿಹೋಗುತ್ತಂತೆ. ಮತ್ತೆ ಮತ್ತೆ ದುಡ್ಡು ಸುರೀಬೇಕು. ಆಪರೇಷನ್ ಆದ್ರೆ ಒಂದೇ ಸಲ, ಪರ್ಮನೆಂಟ್. ಅಲ್ವಾ? ನೀನು ಹಳೇ ಕಥೆ ಎಲ್ಲಾ ಓದ್ತೀಯಲ್ಲ, ಇದರ ಬಗ್ಗೆ ಏನಾದ್ರೂ ಗೊತ್ತಾ?”

ನಿಜ ಹೇಳ್ಬೇಕು ಅಂದ್ರೆ ಗೊತ್ತಿರಲಿಲ್ಲ. ಊರಿಗೆ ವಾಪಸ್ ಬಂದ ಮೇಲೆ ಓದೋಕೆ ಕೂತೆ. ಓದ್ತಾ ಓದ್ತಾ ಒಂದು ವಿಷಯ ಅರ್ಥ ಆಯ್ತು. ಅವಳು ಹೇಳಿದ ಆ ‘ಪರ್ಮನೆಂಟ್’ ಅನ್ನೋ ಮಾತಿಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆ ಮಾತನ್ನ ನಂಬಿ ಕೆಟ್ಟವರೂ ಇದ್ದಾರೆ, ಅದು ನಿಜವಾಗಿಯೂ ಕೆಲಸ ಮಾಡಿದ ಕಡೆಗಳೂ ಇವೆ. ಇವತ್ತು ಆ ಎರಡೂ ಕಥೆ ಹೇಳ್ತೀನಿ.

ಸದಾ ಅಲ್ಲಾಡೋ ಜಾಗ

ಮೊದಲು ತುಟಿಯನ್ನೇ ಸ್ವಲ್ಪ ನೋಡೋಣ. ಒಂದ್ಸಲ ‘ಅಮ್ಮ’ ಅನ್ನಿ. ‘ಅಪ್ಪ’ ಅನ್ನಿ. ಎರಡು ತುಟಿ ಸೇರದೆ ಆ ಮಾತು ಹೊರಡೋದೇ ಇಲ್ಲ. ಬಾಯಿಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಮಾತಾಡೋದಕ್ಕೆ, ಉಣ್ಣೋದಕ್ಕೆ, ಎಳನೀರು ಹೀರೋದಕ್ಕೆ, ಮುತ್ತು ಕೊಡೋದಕ್ಕೆ ಎಲ್ಲಕ್ಕೂ ಅದೇ ಬೇಕು. ದಿನವಿಡೀ ಅದಕ್ಕೆ ಬಿಡುವಿಲ್ಲ. ಅದರ ಮೇಲಿರೋ ಕೆಂಪು ಭಾಗದ ಚರ್ಮವೋ ತುಂಬಾ ತೆಳು. ಅಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಯೂ ಇಲ್ಲ. ಒಳಗಿನ ರಕ್ತದ ಬಣ್ಣ ಹೊರಗೆ ಕಾಣೋದರಿಂದಲೇ ತುಟಿಗೆ ಆ ಕೆಂಪು.

ಈ ಎರಡು ಸಂಗತಿ ನೆನಪಿಟ್ಟುಕೊಳ್ಳಿ. ಸದಾ ಅಲ್ಲಾಡೋ ಜಾಗ, ತೆಳು ಚರ್ಮ. ಮುಂದೆ ಬರೋ ಬಹುಪಾಲು ಎಡವಟ್ಟುಗಳಿಗೆ ಇವೇ ಕಾರಣ.

ಇನ್ನೊಂದು ಮಾತು. ನಮ್ಮ ಹಳೆಗನ್ನಡ ಕವಿಗಳಿಗೆ ತುಟಿ ಅಂದ್ರೆ ಮೊದಲು ಕಾಣ್ತಿದ್ದದ್ದು ಅದರ ಬಣ್ಣ. ‘ಚೆಂದುಟಿ’ ಅನ್ನೋ ಪದ ಕೇಳಿರ್ತೀರಿ. ಕೆಂಪು ತುಟಿ ಅಂತ ಅರ್ಥ. ಹೋಲಿಕೆ ಕೊಡೋದು ಹವಳಕ್ಕೆ, ಹಣ್ಣಾದ ತೊಂಡೆಕಾಯಿಗೆ. ನಮ್ಮ ಅಜ್ಜಿಯರ ಲಿಪ್‌ಸ್ಟಿಕ್ ಅಂದ್ರೆ ಎಲೆ, ಅಡಿಕೆ, ಸುಣ್ಣ. ಅದೂ ಬಣ್ಣದ ವಿಚಾರವೇ. ಪಶ್ಚಿಮದಲ್ಲೂ 1920ರ ದಶಕದ ಮೂಕಿಚಿತ್ರಗಳ ನಟಿಯರ ಫೋಟೊ ತೆಗೆದು ನೋಡಿ. ಬಾಯಿ ಪುಟ್ಟದಾಗಿ, ಮೇಲ್ತುಟಿ ಬಿಲ್ಲಿನ ಹಾಗೆ ಕಾಣಲಿ ಅಂತ ಲಿಪ್‌ಸ್ಟಿಕ್ ಹಚ್ಚಿಕೊಳ್ತಿದ್ರು. ಇವತ್ತಿನ ದಪ್ಪ ತುಟಿಯ ಫ್ಯಾಷನ್ ಬಂದದ್ದು ಎಷ್ಟೋ ಆಮೇಲೆ. ಫ್ಯಾಷನ್ ಬದಲಾಗುತ್ತೆ ಅನ್ನೋದು ಈ ಕಥೆಗೆ ತುಂಬಾ ಮುಖ್ಯ. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಮೊದಲು ಬಂದದ್ದು ರಿಪೇರಿ

ತುಟಿಗೆ ಚಾಕು ಹಾಕಿದ ಮೊದಲಿಗರಿಗೆ ಅದನ್ನ ಚೆಂದ ಮಾಡೋ ಯೋಚನೆ ಇರಲಿಲ್ಲ. ಹರಿದದ್ದನ್ನ ಕೂಡಿಸಬೇಕಿತ್ತು, ಅಷ್ಟೇ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಶುರುವಾಗೋದು ಕಿವಿ ಚುಚ್ಚೋದರಿಂದ. ಮಕ್ಕಳಿಗೆ ಕಿವಿ ಹೇಗೆ ಚುಚ್ಚಬೇಕು, ಹಾಲೆ ಹರಿದುಹೋದರೆ ಹೇಗೆ ಜೋಡಿಸಬೇಕು ಅಂತ ಹೇಳ್ತಾ ಹೇಳ್ತಾ ಅದು ಮೂಗಿಗೆ ಬರುತ್ತೆ. ಮೂಗು ಕಳೆದುಕೊಂಡವರಿಗೆ ಒಂದು ಎಲೆಯನ್ನ ಅಳತೆಗೆ ಇಟ್ಟು, ಅದೇ ಅಳತೆಯ ಚರ್ಮವನ್ನ ಕೆನ್ನೆಯಿಂದ ಎಬ್ಬಿಸಿ ಮೂಗಿನ ಜಾಗಕ್ಕೆ ಕೂಡಿಸೋ ವಿಧಾನ ಅಲ್ಲಿದೆ. ಉಸಿರಾಡೋಕೆ ಎರಡು ಕೊಳವೆ ಇಡಬೇಕು. ಕೊನೆಗೆ ತುಟಿಯ ಮಾತು ಬರುತ್ತೆ. ತುಟಿಗೂ ಇದೇ ಕ್ರಮ, ಆದರೆ ಕೊಳವೆ ಬೇಡ ಅಂತ.

ಇಲ್ಲೊಂದು ಗುಟ್ಟಿದೆ. ಕೆನ್ನೆಯ ಚರ್ಮವನ್ನ ಪೂರ್ತಿ ಕತ್ತರಿಸಿ ತೆಗೆಯಲ್ಲ. ಒಂದು ತುದಿಯನ್ನ ಮುಖಕ್ಕೇ ಅಂಟಿದ ಹಾಗೆ ಬಿಡ್ತಾರೆ. ಆ ತುದಿಯಿಂದ ರಕ್ತ ಹರಿಯುತ್ತೆ, ಚರ್ಮ ಬದುಕುತ್ತೆ. ಇವತ್ತಿನ ಡಾಕ್ಟರ್‌ಗಳು ಇದನ್ನ ‘ಫ್ಲಾಪ್’ ಅಂತಾರೆ.

ಈ ವಿದ್ಯೆ ಜಗತ್ತಿಗೆ ಗೊತ್ತಾದ ಕಥೆಗೆ ನಮ್ಮ ಶ್ರೀರಂಗಪಟ್ಟಣದ ನಂಟಿದೆ. 1792ರ ಯುದ್ಧ. ಒಂದು ಕಡೆ ಟಿಪ್ಪು ಸುಲ್ತಾನ್, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ. ಕಂಪನಿ ಸೈನ್ಯದಲ್ಲಿ ಎತ್ತು ಹೊಡೆಯೋ ಕೆಲಸ ಮಾಡ್ತಿದ್ದ ಕೌಸ್‌ಜೀ ಅನ್ನೋ ಮರಾಠ ಮನುಷ್ಯ ಟಿಪ್ಪು ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯ್ತು. ಹೆಚ್ಚುಕಡಿಮೆ ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡೋ ಕುಲದ ಒಬ್ಬ ಕುಶಲಕರ್ಮಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ.

ಹೇಗೆ ಗೊತ್ತಾ? ಮೊದಲು ತೆಳುವಾದ ಮೇಣದ ಹಾಳೆಯಿಂದ ಮೂಗಿನ ಆಕಾರ ಮಾಡಿದ. ಅದನ್ನ ಬಿಡಿಸಿ ಹಣೆಯ ಮೇಲೆ ಹಾಸಿ ಸುತ್ತ ಗೆರೆ ಎಳೆದ. ಮೇಣ ತೆಗೆದಿಟ್ಟು, ಆ ಗೆರೆಯ ಪ್ರಕಾರ ಹಣೆಯ ಚರ್ಮ ಎಬ್ಬಿಸಿ, ಕೆಳಕ್ಕೆ ತಿರುಗಿಸಿ ಮೂಗಿನ ಜಾಗದಲ್ಲಿ ಕೂರಿಸಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಇದು ಚಿತ್ರ ಸಮೇತ ಅಚ್ಚಾಯ್ತು. ಅದರಿಂದ ಪ್ರೇರಣೆ ಪಡೆದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದೇ ಆಪರೇಷನ್ ಮಾಡಿ, 1816ರಲ್ಲಿ ಪುಸ್ತಕ ಬರೆದರು. ಯುರೋಪಿನಲ್ಲಿ ಪ್ಲಾಸ್ಟಿಕ್ ಸರ್ಜರಿಗೆ ಮತ್ತೆ ಜೀವ ಬಂತು.

ತುಟಿಯಲ್ಲೂ ಅದೇ ದಾರಿ ಮುಂದುವರೀತು. 1898ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಆ್ಯಬಿ ಅನ್ನೋ ಸರ್ಜನ್, ಸೀಳುತುಟಿಯ ಒಬ್ಬ ರೋಗಿಗೆ ಕೆಳತುಟಿಯ ಒಂದು ತುಂಡನ್ನ ರಕ್ತನಾಳ ಕಡಿಯದೆ ತಿರುಗಿಸಿ ಮೇಲ್ತುಟಿಗೆ ಹೊಲಿದರು. ಎರಡೂ ತುಟಿ ಕೆಲವು ದಿನ ಒಂದಕ್ಕೊಂದು ಅಂಟಿಕೊಂಡೇ ಇರಬೇಕು. ಆಮೇಲೆ ಬಿಡಿಸ್ತಾರೆ. ಆ ವಿಧಾನಕ್ಕೆ ಇವತ್ತಿಗೂ ಅವರದೇ ಹೆಸರು.

ಇವೆಲ್ಲ ಪರ್ಮನೆಂಟ್ ಆಗಿಯೇ ಉಳಿದವು. ಕಾರಣ ಸರಳ. ಸೇರಿಸಿದ್ದು ಆ ಮನುಷ್ಯನದ್ದೇ ಮಾಂಸ, ಅದರಲ್ಲಿ ಅವನದ್ದೇ ರಕ್ತ ಹರೀತಿತ್ತು.

ಮೇಣ ಒಳಗೇ ಉಳಿದಾಗ

ಈಗ ಇನ್ನೊಂದು ಕಥೆ. ಪುಣೆಯ ಆ ಕುಶಲಕರ್ಮಿ ಅಳತೆಗೆ ಇಟ್ಟು ತೆಗೆದಿದ್ದನಲ್ಲ ಮೇಣ? ಸುಮಾರು ನೂರು ವರ್ಷದ ನಂತರ ವಿಯೆನ್ನಾದಲ್ಲಿ ಅದನ್ನ ಮೈಯೊಳಗೇ ಬಿಟ್ಟರು.

1899ರಲ್ಲಿ ರಾಬರ್ಟ್ ಗೆರ್ಸುನಿ ಅನ್ನೋ ಸರ್ಜನ್, ಕ್ಷಯದಿಂದ ವೃಷಣ ಕಳೆದುಕೊಂಡಿದ್ದ ಒಬ್ಬ ಯುವಕನಿಗೆ ಆ ಜಾಗ ತುಂಬೋಕೆ ಪ್ಯಾರಾಫಿನ್ ಇಂಜೆಕ್ಟ್ ಮಾಡಿದರು. ಪ್ಯಾರಾಫಿನ್ ಅಂದ್ರೆ ಮೇಣದ ಜಾತಿ. ಬಿಸಿ ಮಾಡಿದರೆ ಕರಗುತ್ತೆ, ತಣ್ಣಗಾದರೆ ಗಟ್ಟಿ. ಚಾಕು ಬೇಡ, ಹೊಲಿಗೆ ಬೇಡ, ಒಂದು ಸೂಜಿ ಸಾಕು. ಸುದ್ದಿ ಹಬ್ಬಿದ್ದೇ ತಡ, ಮುಖದ ಸುಕ್ಕು, ತಗ್ಗು, ಮೂಗು, ಸ್ತನ ಎಲ್ಲಕ್ಕೂ ಪ್ಯಾರಾಫಿನ್ ಬಂತು.

ಮೊದಮೊದಲು ಚೆನ್ನಾಗೇ ಕಾಣ್ತಿತ್ತು. ಕೆಲವು ತಿಂಗಳು, ಕೆಲವರಿಗೆ ಕೆಲವು ವರ್ಷ. ಆಮೇಲೆ ಮೇಣ ಹಾಕಿದ ಜಾಗದಿಂದ ಸರಿಯೋಕೆ ಶುರುವಾಯ್ತು. ಮೈ ಅದನ್ನ ತನ್ನದು ಅಂತ ಒಪ್ಪಲಿಲ್ಲ. ಸುತ್ತ ಗಟ್ಟಿ ಗಂಟು ಕಟ್ಟಿತು. ಡಾಕ್ಟರ್‌ಗಳು ಆ ಗಂಟಿಗೆ ‘ಪ್ಯಾರಾಫಿನೋಮ’ ಅಂತ ಹೆಸರಿಟ್ಟರು. ಕೆಲವರಿಗೆ ಮೇಣ ರಕ್ತನಾಳಕ್ಕೆ ಹೋಗಿ ಜೀವಕ್ಕೇ ಅಪಾಯ ಆಯ್ತು. 1911ರಲ್ಲಿ ಫ್ರೆಡರಿಕ್ ಸ್ಟ್ರೇಂಜ್ ಕೋಲ್ ಅನ್ನೋ ಅಮೆರಿಕದ ಸರ್ಜನ್ ಬರೆದ ಪ್ಲಾಸ್ಟಿಕ್ ಸರ್ಜರಿ ಪುಸ್ತಕದಲ್ಲಿ ಪ್ಯಾರಾಫಿನ್ ಹೇಗೆ ಹಾಕಬೇಕು ಅನ್ನೋದರ ಜೊತೆಗೆ, ಹಾಕಿದರೆ ಏನೇನು ಕೆಡಬಹುದು ಅನ್ನೋದರ ಉದ್ದನೆಯ ಪಟ್ಟಿಯೂ ಇದೆ.

ಗ್ಲ್ಯಾಡಿಸ್ ಡೀಕನ್ ಅನ್ನೋ ಹೆಸರಾಂತ ಸುಂದರಿಯ ಕಥೆ ಎಲ್ಲರೂ ಹೇಳ್ತಾರೆ. ಮುಂದೆ ಇಂಗ್ಲೆಂಡಿನ ಮಾರ್ಲ್‌ಬರೋ ಡ್ಯೂಕ್‌ನ ಹೆಂಡತಿ ಆದವರು ಈಕೆ. ಹಳೇ ಗ್ರೀಕ್ ವಿಗ್ರಹಗಳ ಹಾಗೆ ಹಣೆಯಿಂದ ಮೂಗಿನವರೆಗೆ ಒಂದೇ ನೇರ ಗೆರೆ ಇರಬೇಕು ಅಂತ ಹರೆಯದಲ್ಲೇ ಪ್ಯಾರಾಫಿನ್ ಹಾಕಿಸಿಕೊಂಡರು. ಆ ಮೇಣ ಜಾರಿ ಕೆಳಗೆ ಇಳೀತು. ಅದಿಲ್ಲದೆಯೂ ಅವರ ಮುಖಕ್ಕೆ ಏನೂ ಕಡಿಮೆ ಇರಲಿಲ್ಲ. ಆಕೆ ತೀರಿಕೊಂಡದ್ದು 1977ರಲ್ಲಿ. ಒಂದು ಇಂಜೆಕ್ಷನ್ನಿನ ಫಲವನ್ನ ಆಯಸ್ಸಿಡೀ ಮುಖದ ಮೇಲೆ ಹೊತ್ತರು.

ಮುಂದಿನ ಸರದಿ ಸಿಲಿಕೋನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳಿಗೆ ಅಂತ ತಯಾರಾದ ವಸ್ತು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಅದನ್ನ ದ್ರವರೂಪದಲ್ಲಿ ಮೈಗೆ ಚುಚ್ಚೋಕೆ ಶುರು ಮಾಡಿದರು. ಮತ್ತೆ ಅದೇ ಭರವಸೆ, ಒಂದೇ ಸಲ, ಪರ್ಮನೆಂಟ್. ಮತ್ತೆ ಅದೇ ಗಂಟು, ಅದೇ ಜಾರುವಿಕೆ. ತುಟಿಯಂಥ ಸದಾ ಅಲ್ಲಾಡೋ ಜಾಗದಲ್ಲಿ ಇನ್ನೂ ಕಷ್ಟ. ಒಳಗೆ ಎಲ್ಲೆಲ್ಲೋ ಹರಡಿಹೋದ ಸಿಲಿಕೋನನ್ನ ವಾಪಸ್ ತೆಗೆಯೋದು ಅಂದ್ರೆ ಅಕ್ಕಿಯಲ್ಲಿ ಬೆರೆತ ಎಣ್ಣೆ ತೆಗೆದ ಹಾಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕಣ್ಣಿನ ರೆಟಿನಾ ಚಿಕಿತ್ಸೆಗೆ ಸಿಲಿಕೋನ್ ಎಣ್ಣೆಯನ್ನ ಒಪ್ಪಿದೆ. ಮುಖ, ತುಟಿ, ಮೈ ಉಬ್ಬಿಸೋಕೆ ಅದನ್ನ ಚುಚ್ಚೋದಕ್ಕೆ ಯಾವತ್ತೂ ಒಪ್ಪಿಗೆ ಕೊಟ್ಟಿಲ್ಲ.

ಹಸುವಿನ ಚರ್ಮ, ಹಸುವಿನ ಕಣ್ಣು

ಇಷ್ಟೆಲ್ಲ ಆದ ಮೇಲೆ ವಿಜ್ಞಾನಿಗಳು ಉಲ್ಟಾ ದಿಕ್ಕಿಗೆ ತಿರುಗಿದರು. ಉಳಿಯೋದು ಬೇಡ, ಕರಗಿಹೋಗಲಿ ಅಂತ.

1981ರಲ್ಲಿ ಎಫ್‌ಡಿಎ ಹಸುವಿನ ಚರ್ಮದಿಂದ ತೆಗೆದ ಕೊಲಾಜೆನ್‌ಗೆ ಒಪ್ಪಿಗೆ ಕೊಡ್ತು. ಕೆಲವರಿಗೆ ಅದು ಅಲರ್ಜಿ ಆಗ್ತಿತ್ತು. ಹಾಗಾಗಿ ಮೊದಲು ಕೈಗೆ ಸ್ವಲ್ಪ ಚುಚ್ಚಿ, ವಾರಗಟ್ಟಲೆ ಕಾದು ನೋಡಬೇಕಿತ್ತು. ಕೆಲವೇ ತಿಂಗಳಲ್ಲಿ ಕರಗಿಹೋಗ್ತಿತ್ತು.

ಇವತ್ತಿನ ಫಿಲ್ಲರ್‌ನ ಕಥೆಗೂ ಹಸುವೇ ಬೇಕಾಯ್ತು. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣುಗುಡ್ಡೆಯೊಳಗಿನ ಲೋಳೆಯಿಂದ ಒಂದು ವಸ್ತುವನ್ನ ಬೇರ್ಪಡಿಸಿದರು. ಹೆಸರು ಹಯಲುರಾನಿಕ್ ಆ್ಯಸಿಡ್. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಅದು ಮೊದಲಿಂದಲೂ ಇದೆ, ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. 2003ರಲ್ಲಿ ಅಮೆರಿಕದಲ್ಲಿ ಸುಕ್ಕಿಗೆ, 2011ರಲ್ಲಿ ತುಟಿಗೆ ಅಂತಲೇ ಅದರ ಫಿಲ್ಲರ್‌ಗೆ ಒಪ್ಪಿಗೆ ಸಿಕ್ತು.

ಅದರ ದೊಡ್ಡ ಗುಣ ಏನು ಗೊತ್ತಾ? ಅದನ್ನ ಕರಗಿಸೋ ಕಿಣ್ವ ಇದೆ. ಆಕಾರ ಕೆಟ್ಟರೆ ಕರಗಿಸಬಹುದು. ಫಿಲ್ಲರ್ ರಕ್ತನಾಳಕ್ಕೆ ಹೋಗಿ ರಕ್ತ ನಿಂತರೆ, ಆ ತುರ್ತಿನಲ್ಲೂ ಅದೇ ಕಿಣ್ವ ಬೇಕು. ನನ್ನ ತಂಗಿ ದೋಷ ಅಂತ ಹೇಳಿದ್ದಳಲ್ಲ, ‘ಕರಗಿಹೋಗುತ್ತೆ’ ಅಂತ? ಮೇಣ ಮತ್ತು ಸಿಲಿಕೋನಿನ ಅನುಭವ ಆದ ಮೇಲೆ ಡಾಕ್ಟರ್‌ಗಳು ಅದನ್ನೇ ಬೇಕು ಅಂತ ಹುಡುಕಿಕೊಂಡು ಹೋದರು.

ಹಾಗಂತ ಪರ್ಮನೆಂಟ್ ಆಸೆ ಸತ್ತಿರಲಿಲ್ಲ. 2006ರಲ್ಲಿ ಅಮೆರಿಕದಲ್ಲಿ ಅಕ್ರಿಲಿಕ್ ಪ್ಲಾಸ್ಟಿಕ್‌ನ ಸೂಕ್ಷ್ಮ ಮಣಿಗಳಿರೋ ಫಿಲ್ಲರ್‌ಗೆ ಒಪ್ಪಿಗೆ ಸಿಕ್ತು. ಆ ಮಣಿ ಕರಗಲ್ಲ. ಆದರೆ ಒಪ್ಪಿಗೆ ಸಿಕ್ಕಿದ್ದು ಮೂಗಿನಿಂದ ಬಾಯಿ ಕಡೆ ಇಳಿಯೋ ಗೆರೆಗೆ. ತುಟಿಗಲ್ಲ. ತುಟಿಯ ಸ್ನಾಯು ಅಲ್ಲಾಡ್ತಾ ಅಲ್ಲಾಡ್ತಾ ಮಣಿಗಳನ್ನ ಒಂದು ಕಡೆ ಒತ್ತಿ ಗಂಟು ಮಾಡಿಬಿಡಬಹುದು.

ಹಾಗಾದ್ರೆ ಆಪರೇಷನ್?

ಈಗ ನನ್ನ ತಂಗಿಯ ನಿಜವಾದ ಪ್ರಶ್ನೆಗೆ ಬರೋಣ. ತುಟಿಗೆ ಇವತ್ತು ಇರೋ ಆಪರೇಷನ್‌ಗಳು ಮುಖ್ಯವಾಗಿ ನಾಲ್ಕು ಬಗೆ.

ಒಂದು, ಲಿಪ್ ಲಿಫ್ಟ್. 1971ರಲ್ಲಿ ಬ್ರೆಜಿಲ್‌ನ ಕಾರ್ಡೋಸೊ ಮತ್ತು ಸ್ಪೆರ್ಲಿ ಅನ್ನೋ ಸರ್ಜನ್‌ಗಳು ಇದರ ಬಗ್ಗೆ ಬರೆದರು. ಮೂಗಿನ ಬುಡದಲ್ಲಿ, ಎತ್ತಿನ ಕೊಂಬಿನ ಆಕಾರದಲ್ಲಿ ಕೆಲವು ಮಿಲಿಮೀಟರ್ ಚರ್ಮ ತೆಗೆದು ಹೊಲೀತಾರೆ. ಮೇಲ್ತುಟಿ ಮೇಲಕ್ಕೆ ಎಳೆದುಕೊಂಡು ಕೆಂಪು ಭಾಗ ಹೆಚ್ಚು ಕಾಣುತ್ತೆ. ತುಟಿಯೊಳಗೆ ಏನೂ ತುಂಬಲ್ಲ. ಅವರು ಇದನ್ನ ಯೋಚಿಸಿದ್ದು ವಯಸ್ಸಾದ ಮುಖಕ್ಕೆ ಅನ್ನೋದು ಗಮನಿಸಿ. ವಯಸ್ಸಾಗ್ತಾ ಮೂಗು ಮತ್ತು ತುಟಿಯ ನಡುವಿನ ಚರ್ಮ ಉದ್ದ ಆಗುತ್ತೆ, ತುಟಿ ಒಳಕ್ಕೆ ಸರಿಯುತ್ತೆ. ಅದನ್ನ ಸರಿಪಡಿಸೋಕೆ ಬಂದ ಉಪಾಯ ಇದು. ಒಮ್ಮೆ ತೆಗೆದ ಚರ್ಮ ವಾಪಸ್ ಬರಲ್ಲ. ಹೆಚ್ಚು ತೆಗೆದರೆ ಬಾಯಿ ಮುಚ್ಚಿದರೂ ಹಲ್ಲು ಕಾಣಬಹುದು.

ಎರಡು, ತುಟಿಯ ಅಂಚು ಮುಂದಕ್ಕೆ ತರೋದು. ಕೆಂಪು ಮತ್ತು ಚರ್ಮ ಸೇರೋ ಗೆರೆಯ ಮೇಲೇ ಸಣ್ಣ ಪಟ್ಟಿ ತೆಗೆದು ಕೆಂಪು ಭಾಗವನ್ನ ಎಳೆದು ಹೊಲೀತಾರೆ. ಗುರುತು ಉಳಿದರೆ ಅದು ಸರಿಯಾಗಿ ಕಣ್ಣಿಗೆ ಬೀಳೋ ಜಾಗದಲ್ಲೇ. ಇದರ ಇನ್ನೊಂದು ರೂಪದಲ್ಲಿ ತುಟಿಯ ಒಳಬದಿಯಿಂದ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಕೊಯ್ದು ‘ವೈ’ ಆಕಾರದಲ್ಲಿ ಹೊಲಿದು ಒಳಗಿನ ಭಾಗವನ್ನ ಹೊರಕ್ಕೆ ತರ್ತಾರೆ. ಅದರ ಗುರುತು ಬಾಯೊಳಗೆ ಇರುತ್ತೆ.

ಮೂರು, ಸ್ವಂತ ಕೊಬ್ಬು. 1893ರಲ್ಲೇ ಜರ್ಮನಿಯ ಗುಸ್ಟಾವ್ ನಾಯ್ಬರ್ ಕೈಯಿಂದ ತೆಗೆದ ಕೊಬ್ಬನ್ನ ಮುಖದ ತಗ್ಗಿಗೆ ತುಂಬಿದ್ದರು. ಈಗ ಹೊಟ್ಟೆ ಅಥವಾ ತೊಡೆಯಿಂದ ತೆಗೆದು, ಶುದ್ಧ ಮಾಡಿ ತುಟಿಗೆ ಹಾಕ್ತಾರೆ. ಮೈಗೆ ಅದು ಹೊರಗಿನದಲ್ಲ, ಅದೊಂದು ದೊಡ್ಡ ಅನುಕೂಲ. ಆದರೆ ಎಷ್ಟು ಬದುಕುತ್ತೆ, ಎಷ್ಟು ಕರಗುತ್ತೆ ಅಂತ ಮುಂಚೆ ಹೇಳೋಕಾಗಲ್ಲ. ಬದುಕಿದ ಕೊಬ್ಬು ನೀವು ದಪ್ಪ ಆದರೆ ತಾನೂ ದಪ್ಪ ಆಗುತ್ತೆ.

ನಾಲ್ಕು, ಇಂಪ್ಲಾಂಟ್. ಸಿಲಿಕೋನಿನ ಮೆತ್ತನೆ ಕಡ್ಡಿ, ಇಲ್ಲವೇ ಗೋರ್‌ಟೆಕ್ಸ್ ಅನ್ನೋ ವಸ್ತು. ಮಳೆ ಜಾಕೆಟ್‌ಗೂ ಕೃತಕ ರಕ್ತನಾಳಕ್ಕೂ ಬಳಸೋ ಅದೇ ಗೋರ್‌ಟೆಕ್ಸ್. ಸಿಲಿಕೋನ್ ಅಂದ ಕೂಡಲೇ ಹೆದರಬೇಡಿ, ಇದು ಹರಡೋ ದ್ರವ ಅಲ್ಲ, ಒಂದೇ ತುಂಡು. ಬೇಡ ಅನಿಸಿದರೆ ತೆಗೆಸಬಹುದು. ಆದರೆ ಅಲ್ಲಾಡೋ ತುಟಿಯಲ್ಲಿ ಅದು ಪಕ್ಕಕ್ಕೆ ಸರಿಯಬಹುದು, ತೆಳು ಚರ್ಮ ತೂತಾಗಿ ಹೊರಕ್ಕೆ ಇಣುಕಲೂಬಹುದು.

ಗಮನಿಸಿದ್ರಾ? ನಾಲ್ಕರಲ್ಲಿ ನಿಜಕ್ಕೂ ಪರ್ಮನೆಂಟ್ ಅಂದ್ರೆ ಮೊದಲ ಎರಡು. ಚರ್ಮ ತೆಗೆದು ಹೊಲಿಯೋದು. ಅದು ಸುಶ್ರುತ ಮತ್ತು ಆ್ಯಬಿ ಅವರ ದಾರಿಗೆ ಹತ್ತಿರ. ಆದರೆ ಆಪರೇಷನ್ ಉಳಿದ ಹಾಗೆ ಅದರ ಗುರುತೂ ಉಳಿಯುತ್ತೆ. ಫ್ಯಾಷನ್ ಬದಲಾಗುತ್ತೆ ಅಂದಿದ್ದೆನಲ್ಲ, ಅದು ಬದಲಾದಾಗ ಈ ತುಟಿ ಜೊತೆಗೆ ಬದಲಾಗಲ್ಲ.

ಮತ್ತೆ ಫೋನ್ ಮಾಡಿದಾಗ

ಇದನ್ನೆಲ್ಲ ಓದಿ ಮುಗಿಸಿ ತಂಗಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡು ಅವಳು, “ಹಾಗಾದ್ರೆ ಬೇಡ ಅಂತೀಯಾ ಅಕ್ಕ?” ಅಂದಳು.

ಬೇಡ ಅನ್ನಲಿಲ್ಲ. ಸೀಳುತುಟಿಯ ಮಗುವಿಗೋ, ಆ್ಯಕ್ಸಿಡೆಂಟ್‌ನಲ್ಲಿ ತುಟಿ ಹರಿದವರಿಗೋ ಈ ವಿದ್ಯೆ ಬದುಕನ್ನೇ ವಾಪಸ್ ಕೊಟ್ಟಿದೆ. ಚೆಂದ ಕಾಣಬೇಕು ಅನ್ನೋದೂ ತಪ್ಪೇನಲ್ಲ. ಮೂರು ಪ್ರಶ್ನೆ ಮಾತ್ರ ಕೊಟ್ಟೆ. ಡಾಕ್ಟರ್ ಹತ್ತಿರ ಹೋದಾಗ ಕೇಳು ಅಂತ.

ಮೊದಲನೇದು, ಇಷ್ಟ ಆಗದಿದ್ರೆ ಇದನ್ನ ಹಿಂದಕ್ಕೆ ತರಬಹುದಾ? ಎರಡನೇದು, ಮಾಡೋರು ಯಾರು? ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರಿದೆಯಾ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಥರದ ತರಬೇತಿ ಇದೆಯಾ, ಆ ಕ್ಲಿನಿಕ್ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ ಆಗಿದೆಯಾ? ಚರ್ಮ ಕೊಯ್ಯೋದು ಬ್ಯೂಟಿ ಪಾರ್ಲರ್ ಕೆಲಸ ಅಲ್ಲ. ಮೂರನೇದು, ನನ್ನ ಚರ್ಮದಲ್ಲಿ ಗಾಯ ಹೇಗೆ ಮಾಗುತ್ತೆ? ನಮ್ಮಂಥ ಕಂದು ಚರ್ಮದವರಲ್ಲಿ ಗಾಯದ ಜಾಗ ಕಪ್ಪಾಗೋದು, ಕೀಲಾಯ್ಡ್ ಅನ್ನೋ ಉಬ್ಬು ಗಂಟು ಬೆಳೆಯೋದು ಬಿಳಿ ಚರ್ಮದವರಿಗಿಂತ ಹೆಚ್ಚು.

ಅಲ್ಲಿಗೆ ಅವಳು ಸುಮ್ಮನಾದಳು. ಆಮೇಲೆ ನಿಧಾನಕ್ಕೆ, “ಅಕ್ಕ, ಕಾಲೇಜಲ್ಲಿದ್ದಾಗ ಎರಡನೇ ಸಲ ಕಿವಿ ಚುಚ್ಚಿಸ್ಕೊಂಡಿದ್ನಲ್ಲ, ನೆನಪಿದೆಯಾ? ಅಲ್ಲಿ ಇನ್ನೂ ಗಂಟಿದೆ” ಅಂದಳು.

ನೆನಪಿತ್ತು. ಅದಕ್ಕೇ ಅವಳು ಯಾವಾಗಲೂ ಕೂದಲನ್ನ ಕಿವಿಯ ಮೇಲೆ ಇಳಿಬಿಟ್ಟಿರ್ತಾಳೆ. ಗೃಹಪ್ರವೇಶದ ದಿನವೂ ಹಾಗೇ ಇತ್ತು, ನಾನೇ ಗಮನ ಕೊಟ್ಟಿರಲಿಲ್ಲ.

“ಇದನ್ನ ಡಾಕ್ಟರ್‌ಗೆ ಮೊದಲು ತೋರಿಸ್ಬೇಕಾ?”

“ತುಟಿಗಿಂತ ಮುಂಚೆ ಅದನ್ನೇ ತೋರಿಸು” ಅಂದೆ.

ಮುಂದಿನ ವಾರ ಅವಳಿಗೆ ಅಪಾಯಿಂಟ್‌ಮೆಂಟ್ ಇದೆ. ಏನು ಮಾಡ್ತಾಳೋ ಅದು ಅವಳ ತೀರ್ಮಾನ. ಆ ಮೂರು ಪ್ರಶ್ನೆಯನ್ನ ಫೋನ್‌ನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥದ್ದೇ ಯೋಚನೆಯಲ್ಲಿದ್ದರೆ ಈ ಎಪಿಸೋಡ್ ಅವರಿಗೂ ಕಳಿಸಿ.